ಮನೆಯ ಕಸ ಹುಟ್ಟುವುದು ಕೊಳ್ಳುವ ಹೊತ್ತಿನಲ್ಲಿ

ಮನೆಯ ಕಸದ ಬಗ್ಗೆ ಮಾತು ಬಂದರೆ ಅದು ಸಾಮಾನ್ಯವಾಗಿ ಬುಟ್ಟಿಯ ಬಳಿಯಿಂದ ಆರಂಭವಾಗುತ್ತದೆ. ಹಸಿ ಕಸ ಯಾವುದು, ಒಣ ಕಸ ಯಾವುದು, ಯಾವುದು ಗೊಬ್ಬರವಾಗುತ್ತದೆ, ಯಾವುದನ್ನು ಗುಜರಿಗೆ ಕೊಡಬಹುದು ಎಂಬ ಪ್ರಶ್ನೆಗಳು ಮುಖ್ಯವಾದವೇ ಆದರೂ, ಅವೆಲ್ಲ ಕಸ ಈಗಾಗಲೇ ಮನೆಯೊಳಗೆ ಸೇರಿಕೊಂಡ ಮೇಲೆ ಕೇಳುವ ಪ್ರಶ್ನೆಗಳು. ಪೊಟ್ಟಣದ ಹೊದಿಕೆ ಕಸವಾಗುವುದು ಅದನ್ನು ಕೊಂಡ ಕ್ಷಣದಲ್ಲೇ ಖಚಿತವಾಗಿರುತ್ತದೆ. ವಾರದಲ್ಲಿ ತಿಂದು ಮುಗಿಸಲಾಗದಷ್ಟು ತರಕಾರಿಯನ್ನು ಚೀಲಕ್ಕೆ ತುಂಬಿಸಿಕೊಂಡಾಗ ಅದರಲ್ಲೊಂದು ಪಾಲು ಕೊಳೆಯುವುದೂ ಅಷ್ಟೇ ಖಚಿತ. ಬ್ಯಾಟರಿಯನ್ನು ಅಂಟು ಹಾಕಿ ಕೂರಿಸಿದ ಉಪಕರಣವನ್ನು ಆಯ್ದುಕೊಂಡಾಗ ಅದು ಮೂಲೆ ಸೇರುವ ಕಾರಣವೂ ಆಗಲೇ ತೀರ್ಮಾನವಾಗಿ ಹೋಗಿರುತ್ತದೆ. ಆದ್ದರಿಂದ ಮನೆಯ ಕಸವನ್ನು ನಿಜವಾಗಿ ಕಡಿಮೆ ಮಾಡಬೇಕೆನ್ನುವವರು ಬುಟ್ಟಿಯ ಮುಂದೆ ನಿಲ್ಲುವುದಕ್ಕೆ ಮೊದಲು ಅಂಗಡಿಯ ಕಪಾಟಿನ ಮುಂದೆ ಒಂದು ಗಳಿಗೆ ನಿಂತು ಯೋಚಿಸಬೇಕು ಎಂಬುದು ಈ ಲೇಖನದ ವಾದ.

ಈ ವಾದಕ್ಕೆ ಹಿನ್ನೆಲೆಯಾಗಿ ಒಂದು ಏಣಿಯ ಕಥೆಯಿದೆ. ನೆದರ್‌ಲ್ಯಾಂಡ್ಸ್‌ನ ಸಂಸತ್ ಸದಸ್ಯರಾಗಿದ್ದ ಆಡ್ ಲಾನ್ಸಿಂಕ್ ಅವರು 1979ರಲ್ಲಿ ಕಸ ನಿರ್ವಹಣೆಯ ಆದ್ಯತೆಗಳನ್ನು ಒಂದರ ಕೆಳಗೊಂದು ಮೆಟ್ಟಿಲಿನಂತೆ ಜೋಡಿಸಿ ತಮ್ಮ ಸಂಸತ್ತಿನ ಮುಂದಿಟ್ಟರು. ಅದೇ ವಿಚಾರ ಮುಂದೆ ಹಲವು ದೇಶಗಳ ಕಾನೂನುಗಳಲ್ಲಿ ನೆಲೆಯೂರಿತು. 2008ರಲ್ಲಿ ಯುರೋಪಿಯನ್ ಒಕ್ಕೂಟ ಹೊರಡಿಸಿದ ತ್ಯಾಜ್ಯ ನಿರ್ದೇಶನದಲ್ಲಿ ಐದು ಮೆಟ್ಟಿಲುಗಳಿವೆ: ಎಲ್ಲಕ್ಕಿಂತ ಮೇಲಿರುವುದು ಕಸವೇ ಹುಟ್ಟದಂತೆ ತಡೆಯುವುದು, ಅದರ ಕೆಳಗೆ ವಸ್ತುವನ್ನು ಅದೇ ರೂಪದಲ್ಲಿ ಮತ್ತೆ ಬಳಸುವುದು, ಆಮೇಲೆ ಅದನ್ನು ಕರಗಿಸಿಯೋ ಅರೆದೋ ಹೊಸ ಕಚ್ಚಾವಸ್ತುವನ್ನಾಗಿ ಮಾಡುವುದು, ನಂತರ ಸುಟ್ಟು ಶಕ್ತಿಯನ್ನು ಪಡೆಯುವಂಥ ಉಪಯೋಗಗಳು, ಕಟ್ಟಕಡೆಗೆ ನೆಲದಲ್ಲಿ ಹೂಳುವಂಥ ವಿಲೇವಾರಿ. ನಮ್ಮ ಆಡುಮಾತಿನಲ್ಲಿ ಎರಡನೆಯ ಮತ್ತು ಮೂರನೆಯ ಮೆಟ್ಟಿಲುಗಳೆರಡನ್ನೂ ‘ಮರುಬಳಕೆ’ ಎಂಬ ಒಂದೇ ಪದದಿಂದ ಕರೆಯುವುದರಿಂದ ದೊಡ್ಡ ಗೊಂದಲವಾಗಿದೆ. ಗಾಜಿನ ಬಾಟಲಿಯನ್ನು ತೊಳೆದು ಮತ್ತೆ ತುಂಬಿಸುವುದಕ್ಕೂ ಅದನ್ನು ಪುಡಿಮಾಡಿ ಕುಲುಮೆಯಲ್ಲಿ ಕರಗಿಸಿ ಹೊಸ ಬಾಟಲಿ ಮಾಡುವುದಕ್ಕೂ ಖರ್ಚಾಗುವ ಶಕ್ತಿಯಲ್ಲಿ ಅಜಗಜಾಂತರವಿದೆ. ಹಾಗಾಗಿ ಇಲ್ಲಿ ಮೊದಲನೆಯದನ್ನು ಮರುಬಳಕೆ ಎಂದೂ ಎರಡನೆಯದನ್ನು ಮರುಸಂಸ್ಕರಣೆ ಎಂದೂ ಕರೆಯುತ್ತೇನೆ. ಕೊಳ್ಳುವವರ ಕೈಯಲ್ಲಿ ಇರುವುದು ಮುಖ್ಯವಾಗಿ ಮೇಲಿನ ಎರಡು ಮೆಟ್ಟಿಲುಗಳು; ಬುಟ್ಟಿಯ ಬಳಿ ನಿಂತವರಿಗೆ ಉಳಿಯುವುದು ಕೆಳಗಿನ ಮೂರು.

ಮರುಸಂಸ್ಕರಣೆಯನ್ನೇ ನಂಬಿ ಕೂರಲಾಗದು ಎಂಬುದಕ್ಕೆ ಪ್ಲಾಸ್ಟಿಕ್ಕಿನ ಲೆಕ್ಕವೊಂದೇ ಸಾಕು. 2017ರಲ್ಲಿ ಪ್ರಕಟವಾದ ಒಂದು ವಿಸ್ತೃತ ಅಧ್ಯಯನದ ಪ್ರಕಾರ 2015ರವರೆಗೆ ಜಗತ್ತು ತಯಾರಿಸಿದ್ದ ಪ್ಲಾಸ್ಟಿಕ್ ಸುಮಾರು 830 ಕೋಟಿ ಟನ್. ಅದರಲ್ಲಿ ಕಸವಾಗಿದ್ದು 630 ಕೋಟಿ ಟನ್. ಆ ಕಸದಲ್ಲಿ ಮರುಸಂಸ್ಕರಣೆಗೊಂಡಿದ್ದು ಸುಮಾರು ಶೇ. 9 ಮಾತ್ರ. ಶೇ. 12ರಷ್ಟನ್ನು ಸುಡಲಾಗಿತ್ತು, ಉಳಿದ ಶೇ. 79 ಕಸದ ಗುಡ್ಡಗಳಲ್ಲೋ ನೆಲ-ನೀರುಗಳಲ್ಲೋ ಉಳಿದುಕೊಂಡಿತ್ತು. ಜನ ಬೇರ್ಪಡಿಸಿ ಕೊಡಲಿಲ್ಲ ಎಂಬುದಷ್ಟೇ ಇದಕ್ಕೆ ಕಾರಣವಲ್ಲ. ತಿಂಡಿಯ ಪೊಟ್ಟಣದಂಥ ಹೊದಿಕೆಗಳಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ಕಿನ ಪದರಗಳು, ನಡುವೆ ಅಲ್ಯೂಮಿನಿಯಂ ಲೇಪ, ಮೇಲೆ ಬಣ್ಣ ಎಲ್ಲವೂ ಬಿಡಿಸಲಾಗದಂತೆ ಅಂಟಿಕೊಂಡಿರುತ್ತವೆ. ಅಂಥದ್ದನ್ನು ಎಷ್ಟೇ ಶ್ರದ್ಧೆಯಿಂದ ತೊಳೆದು ಒಣಗಿಸಿ ಕೊಟ್ಟರೂ ಅದರಿಂದ ಉಪಯುಕ್ತ ಕಚ್ಚಾವಸ್ತು ಹೊರಡುವುದು ಬಲು ಕಷ್ಟ.

ತಿನ್ನದೆ ಎಸೆಯುವ ಆಹಾರ

ಮನೆಯ ಕಸದಲ್ಲಿ ಅತಿ ಭಾರದ್ದು ಸಾಮಾನ್ಯವಾಗಿ ಆಹಾರ. ವಿಶ್ವಬ್ಯಾಂಕ್ 2018ರಲ್ಲಿ ಪ್ರಕಟಿಸಿದ ವರದಿಯಲ್ಲಿ, 2016ನೇ ಇಸವಿಯಲ್ಲಿ ಜಗತ್ತಿನ ಊರು-ನಗರಗಳಲ್ಲಿ ಹುಟ್ಟಿದ ಘನತ್ಯಾಜ್ಯ 201 ಕೋಟಿ ಟನ್ ಎಂದೂ, ಅದರಲ್ಲಿ ಶೇ. 44ರಷ್ಟು ಆಹಾರ ಮತ್ತು ಹಸಿರು ಕಸವೆಂದೂ ಲೆಕ್ಕ ಹಾಕಲಾಗಿದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಇನ್ನೂ ನೇರವಾದ ಚಿತ್ರ ಕೊಡುತ್ತದೆ. 2022ರಲ್ಲಿ ಅಂಗಡಿ, ಹೋಟೆಲು ಮತ್ತು ಮನೆಗಳಲ್ಲಿ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್, ಅದರಲ್ಲಿ ಶೇ. 60ರಷ್ಟು, ಅಂದರೆ 63.1 ಕೋಟಿ ಟನ್, ವ್ಯರ್ಥವಾಗಿದ್ದು ಮನೆಗಳಲ್ಲಿ. ತಲೆಗೆ ವರ್ಷಕ್ಕೆ 79 ಕಿಲೋಗ್ರಾಂ. ಸಿಪ್ಪೆ, ಬೀಜ, ಮೂಳೆಯಂಥ ತಿನ್ನಲಾಗದ ಭಾಗಗಳೂ ಈ ಲೆಕ್ಕದಲ್ಲಿ ಸೇರಿವೆ ಎಂಬುದನ್ನು ಮರೆಯಬಾರದು. ಆ ವರದಿಯಲ್ಲಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದ ಸಂಗತಿ ಬೇರೊಂದು: ಹೆಚ್ಚು ಆದಾಯದ ದೇಶಗಳಿಗೂ ಮಧ್ಯಮ ಆದಾಯದ ದೇಶಗಳಿಗೂ ಈ ವಿಷಯದಲ್ಲಿ ಕಂಡುಬಂದ ಸರಾಸರಿ ವ್ಯತ್ಯಾಸ ತಲೆಗೆ ವರ್ಷಕ್ಕೆ ಸುಮಾರು 7 ಕಿಲೋಗ್ರಾಂ ಮಾತ್ರ. ಆಹಾರ ಎಸೆಯುವುದು ಶ್ರೀಮಂತರ ಚಾಳಿ, ನಮಗೆ ಸಂಬಂಧಿಸಿದ್ದಲ್ಲ ಎಂದು ಯಾರೂ ಸಮಾಧಾನಪಟ್ಟುಕೊಳ್ಳುವಂತಿಲ್ಲ.

ಎಸೆದ ಆಹಾರ ಮಣ್ಣಾಗಿ ಹೋಗುತ್ತದೆ, ಅದರಿಂದೇನು ನಷ್ಟ ಎಂದು ಕೇಳುವವರಿದ್ದಾರೆ. ಗಾಳಿಯಾಡುವ ಗೊಬ್ಬರದ ಗುಂಡಿಯಲ್ಲಿ ಅದು ಮಣ್ಣಾಗುವುದು ನಿಜ. ಆದರೆ ಕಸದ ಗುಡ್ಡದ ಅಡಿಯಲ್ಲಿ ಆಮ್ಲಜನಕ ಸಿಗದೆ ಕೊಳೆತಾಗ ಅದು ಮೀಥೇನ್ ಅನಿಲವನ್ನು ಹೊರಬಿಡುತ್ತದೆ. ನೂರು ವರ್ಷಗಳ ಅವಧಿಯಲ್ಲಿ ಲೆಕ್ಕ ಹಾಕಿದರೆ ಈ ಅನಿಲ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ 25 ಪಟ್ಟಿಗೂ ಹೆಚ್ಚು ತಾಪವನ್ನು ಹಿಡಿದಿಡುತ್ತದೆ. ಗೊಬ್ಬರ ಮಾಡಿದರೂ ಆ ಬೆಳೆಗೆ ಹರಿಸಿದ ನೀರು, ಹಾಕಿದ ದುಡಿಮೆ, ಸಾಗಣೆಗೆ ಸುಟ್ಟ ಇಂಧನ ಹಿಂದಿರುಗುವುದಿಲ್ಲ. ಒಂದು ಕಿಲೋ ಸೇಬು ಬೆಳೆಯಲು ಜಾಗತಿಕ ಸರಾಸರಿಯಲ್ಲಿ 800 ಲೀಟರಿಗೂ ಹೆಚ್ಚು ನೀರು ಬೇಕು ಎಂದು ಜಲಹೆಜ್ಜೆಯ ಲೆಕ್ಕ ಹೇಳುತ್ತದೆ. ಬಾಡಿ ಹೋದ ಹಣ್ಣಿನೊಂದಿಗೆ ಆ ನೀರೂ ಹೋಯಿತೆಂದೇ ಅರ್ಥ.

ಹಾಗಾದರೆ ತಿನ್ನಲಾಗದಷ್ಟನ್ನು ನಾವು ಕೊಳ್ಳುವುದೇಕೆ? ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಇರುವುದು ಈ ಪ್ರಶ್ನೆಯಲ್ಲಿ. ಡೇನಿಯಲ್ ರೀಡ್ ಮತ್ತು ಬಾರ್ಬರಾ ವಾನ್ ಲೇವನ್ ಎಂಬ ಸಂಶೋಧಕರು 1998ರಲ್ಲಿ ಒಂದು ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಕಚೇರಿಗಳಲ್ಲಿ ದುಡಿಯುವವರನ್ನು ಕಂಡು, ಮುಂದಿನ ವಾರ ನಿಮಗೆ ಯಾವ ತಿನಿಸು ತಂದುಕೊಡೋಣ ಎಂದು ಕೇಳಿದರು; ಒಂದು ವಾರ ಕಳೆದು ತಿನಿಸು ಎದುರಿಗಿರುವಾಗ ಆಯ್ಕೆಯನ್ನು ಬದಲಿಸುವ ಅವಕಾಶವನ್ನೂ ಕೊಟ್ಟರು. ಮುಂದಿನ ವಾರಕ್ಕೆಂದು ಹಣ್ಣಿನಂಥ ಆರೋಗ್ಯಕರ ತಿನಿಸನ್ನು ಆಯ್ದುಕೊಂಡಿದ್ದ ಅನೇಕರು ಆ ಹೊತ್ತು ಬಂದಾಗ ಮನಸ್ಸು ಬದಲಿಸಿ ಬೇರೆಯದಕ್ಕೆ ಕೈ ಚಾಚಿದರು. ಮುಂದಿನ ವಾರದ ನಮ್ಮನ್ನು ನಾವು ಈಗಿರುವುದಕ್ಕಿಂತ ಶಿಸ್ತಿನವರೆಂದು ಭಾವಿಸುತ್ತೇವೆ. ವಾರಕ್ಕೊಮ್ಮೆ ಸಾಮಾನು ತರುವಾಗಲೂ ನಡೆಯುವುದು ಇದೇ. ದಿನವೂ ಎರಡು ಹೊತ್ತು ಅಡುಗೆ ಮಾಡುವ, ದಣಿವೇ ಇಲ್ಲದ, ಹೊರಗೆ ಊಟ ಮಾಡದ, ಹೊಸ ರುಚಿಗಳನ್ನು ಪ್ರಯತ್ನಿಸುವ ಒಂದು ಮನೆಯನ್ನು ಕಲ್ಪಿಸಿಕೊಂಡು ಆ ಮನೆಗಾಗಿ ಚೀಲ ತುಂಬಿಸುತ್ತೇವೆ. ತಂದ ಸಾಮಾನನ್ನು ಬಳಸುವ ಮನೆ ಮಾತ್ರ ನಮ್ಮ ನಿಜವಾದ ಮನೆ. ಅಲ್ಲಿ ಬುಧವಾರ ಸಂಜೆ ಎಲ್ಲರೂ ತಡವಾಗಿ ಬರುತ್ತಾರೆ, ಗುರುವಾರ ಹಿಂದಿನ ದಿನದ್ದೇ ಉಳಿದಿರುತ್ತದೆ, ಶುಕ್ರವಾರದ ಹೊತ್ತಿಗೆ ಸೊಪ್ಪು ಹಳದಿಯಾಗಿರುತ್ತದೆ. ಕಲ್ಪನೆಯ ಮನೆಗೂ ನಿಜವಾದ ಮನೆಗೂ ನಡುವೆ ಇರುವ ಅಂತರವೇ ಬುಟ್ಟಿಗೆ ಬೀಳುವ ಆಹಾರ.

ಈ ಅಂತರವನ್ನು ಕಿರಿದಾಗಿಸುವ ಉಪಾಯಗಳಲ್ಲಿ ಮೊದಲನೆಯದು ಪಟ್ಟಿ. ಆದರೆ ಪಟ್ಟಿ ಬರೆಯುವ ಕ್ರಮ ಮುಖ್ಯ. ಬೇಕಾದ್ದನ್ನು ನೆನಪು ಮಾಡಿಕೊಂಡು ಬರೆಯುವ ಪಟ್ಟಿಗಿಂತ, ಮನೆಯಲ್ಲಿ ಇರುವುದನ್ನು ಕಣ್ಣಾರೆ ನೋಡಿ ಬರೆಯುವ ಪಟ್ಟಿ ಹೆಚ್ಚು ಪ್ರಾಮಾಣಿಕವಾಗಿರುತ್ತದೆ. ಫ್ರಿಜ್ಜಿನ ಹಿಂಬದಿ, ಡಬ್ಬಿಗಳ ತಳ, ಕಪಾಟಿನ ಮೇಲಿನ ಹಲಗೆ ಇವನ್ನು ಮೊದಲು ನೋಡಿ, ಬೇಗ ಕೆಡುವಂಥದ್ದು ಏನಿದೆಯೋ ಅದನ್ನು ಆಧಾರವಾಗಿಟ್ಟುಕೊಂಡು ಒಂದೆರಡು ಊಟಗಳನ್ನು ಯೋಚಿಸಿ, ಅವಕ್ಕೆ ಕಡಿಮೆ ಬೀಳುವುದನ್ನಷ್ಟೇ ಬರೆಯಬೇಕು. ವಾರದ ಎಲ್ಲ ಊಟಗಳನ್ನೂ ಮೊದಲೇ ನಿಗದಿ ಮಾಡಿಬಿಡುವುದು ನೋಡಲು ಶಿಸ್ತಿನಂತೆ ಕಂಡರೂ ಅದು ಮತ್ತೆ ಕಲ್ಪನೆಯ ಮನೆಯ ಲೆಕ್ಕವೇ. ಉಳಿದದ್ದನ್ನು ತಿನ್ನಲು, ಅನಿರೀಕ್ಷಿತವಾಗಿ ಹೊರಗೆ ಹೋಗಲು ಎರಡು ಹೊತ್ತನ್ನಾದರೂ ಖಾಲಿ ಬಿಡುವುದು ಜಾಣತನ. ಬೇಗ ಕೆಡುವ ಪದಾರ್ಥಗಳನ್ನು ವಾರಕ್ಕೊಮ್ಮೆ ರಾಶಿಯಾಗಿ ತರುವ ಬದಲು ಎರಡು ಸಲ ಸ್ವಲ್ಪಸ್ವಲ್ಪವಾಗಿ ತರುವುದು, ಬೇಳೆ-ಕಾಳು-ಧಾನ್ಯಗಳಂಥ ಬಾಳಿಕೆಯ ವಸ್ತುಗಳನ್ನು ಮಾತ್ರ ಒಟ್ಟಿಗೆ ತರುವುದು ಇದರ ಮುಂದುವರಿಕೆ.

ಕೊಳ್ಳುವ ಪ್ರಮಾಣಕ್ಕೆ ಒಂದು ಕಾಲದಲ್ಲಿ ತೋಳಿನ ಶಕ್ತಿಯೇ ಮಿತಿಯಾಗಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಅಮೆರಿಕದ ಓಕ್ಲಹೋಮ ಸಿಟಿಯಲ್ಲಿ ದಿನಸಿ ಅಂಗಡಿಗಳನ್ನು ನಡೆಸುತ್ತಿದ್ದ ಸಿಲ್ವನ್ ಗೋಲ್ಡ್‌ಮನ್, ಗಿರಾಕಿಗಳು ಕೈಬುಟ್ಟಿ ಭಾರವಾದೊಡನೆ ಕೊಳ್ಳುವುದನ್ನು ನಿಲ್ಲಿಸುತ್ತಾರೆ ಎಂಬುದನ್ನು ಗಮನಿಸಿ 1937ರಲ್ಲಿ ಚಕ್ರವಿರುವ ತಳ್ಳುಬುಟ್ಟಿಯನ್ನು ತಂದರು. ಅದರ ಉದ್ದೇಶವೇ ಭಾರ ಗೊತ್ತಾಗದಂತೆ ಮಾಡುವುದಾಗಿತ್ತು. ಇಂದು ಫೋನಿನ ಪರದೆಯ ಮೇಲೆ ತುಂಬುವ ಬುಟ್ಟಿಗೆ ಚಕ್ರವೂ ಬೇಡ, ಅದಕ್ಕೆ ತೂಕವೇ ಇಲ್ಲ. ಹತ್ತಿರದ ಅಂಗಡಿಗೆ ಹೋಗುವಾಗ ಕೈಯಲ್ಲಿ ಹೊರುವ ಚೀಲವನ್ನೇ ಒಯ್ಯುವುದರಲ್ಲಿ, ಫೋನಿನಲ್ಲಿ ತುಂಬಿದ ಬುಟ್ಟಿಯನ್ನು ಒಂದು ರಾತ್ರಿ ಹಾಗೆಯೇ ಬಿಟ್ಟು ಬೆಳಿಗ್ಗೆ ಮತ್ತೊಮ್ಮೆ ನೋಡಿ ಹಣ ಕಟ್ಟುವುದರಲ್ಲಿ, ಕಳೆದುಹೋದ ಆ ಮಿತಿಯನ್ನು ಸ್ವಲ್ಪಮಟ್ಟಿಗೆ ಹಿಂದಕ್ಕೆ ತರುವ ಗುಣವಿದೆ.

ರಿಯಾಯಿತಿಯ ಲೆಕ್ಕವನ್ನೂ ಬಿಡಿಸಿ ನೋಡಬೇಕು. ದೊಡ್ಡ ಪೊಟ್ಟಣದಲ್ಲಿ ಕಿಲೋಗೆ ಶೇ. 20ರಷ್ಟು ಅಗ್ಗವಾಗಿ ಸಿಗುವ ಪದಾರ್ಥವೊಂದನ್ನು ತಂದು ಅದರಲ್ಲಿ ಐದನೇ ಒಂದು ಭಾಗ ಕೆಟ್ಟುಹೋದರೆ ಲಾಭ ಸೊನ್ನೆ, ಶೇ. 30ರಷ್ಟು ಕೆಟ್ಟರೆ, ತಿಂದ ಪ್ರತಿ ಕಿಲೋಗೆ ನಾವು ಚಿಕ್ಕ ಪೊಟ್ಟಣದ ದರಕ್ಕಿಂತ ಸುಮಾರು ಶೇ. 14ರಷ್ಟು ಹೆಚ್ಚು ತೆತ್ತಂತಾಯಿತು. ‘ಒಂದಕ್ಕೆ ಒಂದು ಉಚಿತ’ ಎನ್ನುವಲ್ಲಿ ಎರಡನೆಯದು ಬುಟ್ಟಿಗೆ ಬಿದ್ದರೆ ಉಳಿತಾಯ ಏನೂ ಇಲ್ಲ, ಹೊದಿಕೆಯ ಕಸ ಮಾತ್ರ ದುಪ್ಪಟ್ಟು. ದರಪಟ್ಟಿಯಲ್ಲಿ ಬರೆದಿರುವುದು ಕೊಂಡದ್ದರ ಬೆಲೆ. ನಾವು ಕೇಳಿಕೊಳ್ಳಬೇಕಾದದ್ದು ತಿಂದದ್ದರ ಬೆಲೆ. ಸಾಬೂನು, ಉಪ್ಪು, ಒಣ ಧಾನ್ಯಗಳಂಥ ಕೆಡದ ವಸ್ತುಗಳಿಗೆ ಈ ಎರಡು ಬೆಲೆಗಳೂ ಒಂದೇ ಆಗಿರುವುದರಿಂದ ಅಲ್ಲಿ ದೊಡ್ಡ ಪೊಟ್ಟಣ ನಿಜಕ್ಕೂ ಲಾಭದ್ದು.

ಪೊಟ್ಟಣದ ಮೇಲಿನ ದಿನಾಂಕಗಳು ಇನ್ನೊಂದು ದೊಡ್ಡ ಗೊಂದಲ. ಅಂತರರಾಷ್ಟ್ರೀಯ ಆಹಾರ ಮಾನದಂಡಗಳನ್ನು ರೂಪಿಸುವ ಕೋಡೆಕ್ಸ್ ಅಲಿಮೆಂಟೇರಿಯಸ್ ಆಯೋಗ ಎರಡು ಬಗೆಯ ದಿನಾಂಕಗಳನ್ನು ಬೇರ್ಪಡಿಸುತ್ತದೆ. ‘ಇಂಥ ದಿನದೊಳಗೆ ಬಳಸಿ’ ಎಂಬುದು ಸುರಕ್ಷತೆಗೆ ಸಂಬಂಧಿಸಿದ್ದು. ಅದು ದಾಟಿದ ಮಾಂಸ, ಮೀನಿನಂಥ ಪದಾರ್ಥ ನೋಡಲು, ಮೂಸಲು ಚೆನ್ನಾಗಿದ್ದರೂ ತಿನ್ನಬಾರದು. ‘ಇಂಥ ದಿನಕ್ಕೆ ಮುನ್ನ ಉತ್ತಮ’ ಎಂಬುದು ಗುಣಮಟ್ಟಕ್ಕೆ ಸಂಬಂಧಿಸಿದ್ದು. ಸರಿಯಾಗಿ ಇಟ್ಟ, ಮುದ್ರೆ ಒಡೆಯದ ಬಿಸ್ಕತ್ತೋ ಒಣ ಧಾನ್ಯವೋ ಆ ದಿನ ದಾಟಿದೊಡನೆ ವಿಷವಾಗುವುದಿಲ್ಲ, ಗರಿಗರಿಯೋ ಘಮವೋ ಕೊಂಚ ಕಡಿಮೆಯಾಗಬಹುದಷ್ಟೇ. ಈ ವ್ಯತ್ಯಾಸ ತಿಳಿಯದೆ ಎರಡನ್ನೂ ಒಂದೇ ಎಂದು ಎಸೆಯುವವರು ಬಹಳ. ಯುರೋಪಿಯನ್ ಆಯೋಗಕ್ಕಾಗಿ ನಡೆದ 2018ರ ಅಧ್ಯಯನವೊಂದು, ಆ ಒಕ್ಕೂಟದಲ್ಲಿ ವರ್ಷಕ್ಕೆ ವ್ಯರ್ಥವಾಗುತ್ತಿದ್ದ 8.8 ಕೋಟಿ ಟನ್ ಆಹಾರದಲ್ಲಿ ಶೇ. 10ರವರೆಗೂ ದಿನಾಂಕದ ಗುರುತುಗಳಿಗೆ ಸಂಬಂಧಿಸಿದ್ದು ಎಂದು ಅಂದಾಜಿಸಿತ್ತು. ದೇಶದಿಂದ ದೇಶಕ್ಕೆ ಪದಬಳಕೆ ಬದಲಾಗುವುದರಿಂದ ಅಂಕಿಯನ್ನಷ್ಟೇ ನೋಡದೆ ಅದರ ಹಿಂದಿನ ಮಾತನ್ನು ಓದಬೇಕು. ಇನ್ನೊಂದು ಮಾತು: ಸಂಜೆಯೇ ಬಳಸಿ ಮುಗಿಸುವ ಹಾಲಿಗಾಗಿ ಸಾಲಿನ ಹಿಂದಕ್ಕೆ ಕೈ ಹಾಕಿ ಅತ್ಯಂತ ಹೊಸ ದಿನಾಂಕದ್ದನ್ನು ಎಳೆದುಕೊಂಡರೆ, ಮುಂದಿದ್ದದ್ದು ಅಂಗಡಿಯಲ್ಲೇ ಕೆಡುತ್ತದೆ. ಅದು ನಮ್ಮ ಬುಟ್ಟಿಯಲ್ಲಿ ಕಾಣುವುದಿಲ್ಲವಾದರೂ ನಮ್ಮ ಆಯ್ಕೆಯಿಂದಲೇ ಹುಟ್ಟಿದ ಕಸ. ಇಂದೇ ಬಳಸುವುದಕ್ಕೆ ಹತ್ತಿರದ ದಿನಾಂಕದ್ದನ್ನು ತೆಗೆದುಕೊಳ್ಳುವುದೇ ಸರಿ.

ಹಣ್ಣು-ತರಕಾರಿಗಳ ಬಾಳಿಕೆಗೆ ಎಥಿಲೀನ್ ಎಂಬ ಅನಿಲದ ಪರಿಚಯವಿದ್ದರೆ ಒಳ್ಳೆಯದು. ಮಾಗುತ್ತಿರುವ ಬಾಳೆ, ಸೇಬು, ಟೊಮೆಟೊ ಮುಂತಾದವು ಇದನ್ನು ಹೊರಬಿಡುತ್ತವೆ. ಅದು ಅಕ್ಕಪಕ್ಕದ ಕಾಯಿಗಳನ್ನು ಬೇಗ ಮಾಗಿಸುತ್ತದೆ, ಸೊಪ್ಪನ್ನು ಹಳದಿಯಾಗಿಸುತ್ತದೆ, ಸೌತೆಯನ್ನು ಮೆತ್ತಗಾಗಿಸುತ್ತದೆ. ಇದು ಇಡುವ ಕ್ರಮದ ವಿಷಯವೆಂದು ತೋರಿದರೂ ಕೊಳ್ಳುವ ಕ್ರಮಕ್ಕೂ ಪಾಠವಿದೆ. ಆರು ಹಣ್ಣು ಬೇಕಿದ್ದರೆ ಆರನ್ನೂ ಒಂದೇ ಹದದಲ್ಲಿ ಆರಿಸದೆ, ಎರಡನ್ನು ಇಂದಿಗೆ ಮಾಗಿದ್ದಾಗಿ, ಉಳಿದದ್ದನ್ನು ಇನ್ನೂ ಗಟ್ಟಿಯಿರುವಂತೆ ಆರಿಸಿಕೊಂಡರೆ ಅವು ಒಂದೊಂದಾಗಿ ನಮ್ಮ ಕೈಗೆ ಬರುತ್ತವೆ, ಒಟ್ಟಿಗೆ ಕೊಳೆಯುವುದಿಲ್ಲ. ಇಂಥ ಆಯ್ಕೆ ಸಾಧ್ಯವಾಗುವುದು ಬಿಡಿಯಾಗಿ ಮಾರುವಲ್ಲಿ ಮಾತ್ರ.

ಹೊದಿಕೆಯ ಲೆಕ್ಕ

ಇಲ್ಲಿ ನೆರವಿಗೆ ಬರುವುದು ಶಾಲೆಯಲ್ಲಿ ಕಲಿತ ರೇಖಾಗಣಿತ. ಘನಾಕಾರದ ಡಬ್ಬಿಯೊಂದರ ಉದ್ದ, ಅಗಲ, ಎತ್ತರಗಳನ್ನು ಎರಡು ಪಟ್ಟು ಮಾಡಿದರೆ ಒಳಗೆ ಹಿಡಿಯುವ ಪದಾರ್ಥ ಎಂಟು ಪಟ್ಟಾಗುತ್ತದೆ. ಹೊದಿಕೆಯ ಮೇಲ್ಮೈ ಮಾತ್ರ ನಾಲ್ಕೇ ಪಟ್ಟು. ಅಂದರೆ ಹೊದಿಕೆಯ ದಪ್ಪ ಒಂದೇ ಆಗಿದ್ದರೆ ಅದೇ ಪ್ರಮಾಣದ ಪದಾರ್ಥಕ್ಕೆ ಅರ್ಧದಷ್ಟು ಹೊದಿಕೆ ಸಾಕು. ಚಿಕ್ಕ ಸ್ಯಾಶೆಗಳಿಂದ ಅಷ್ಟೊಂದು ಕಸ ಹುಟ್ಟುವುದು ಈ ಕಾರಣಕ್ಕೇ; ಮೇಲಾಗಿ ಅವು ಬಹುಪದರದವು, ಮರುಸಂಸ್ಕರಣೆಗೆ ದಕ್ಕದವು. ದ್ರವ ರೂಪದ ಶುಚಿಕಾರಕಗಳಲ್ಲಿ ಬಹುಪಾಲು ನೀರೇ ಇರುತ್ತದೆ ಎಂಬುದನ್ನೂ ಗಮನಿಸಬೇಕು. ಮನೆಯ ನಲ್ಲಿಯಲ್ಲಿ ಸಿಗುವ ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಹೊತ್ತು ತರುವ ಬದಲು ಸಾಂದ್ರ ದ್ರವವನ್ನೋ ಪುಡಿಯನ್ನೋ ಕಾಗದದಲ್ಲಿ ಸುತ್ತಿದ ಸೋಪನ್ನೋ ಆರಿಸಿಕೊಂಡರೆ ಹೊದಿಕೆಯೂ ಕಡಿಮೆ, ಸಾಗಣೆಯ ಭಾರವೂ ಕಡಿಮೆ.

ಆದರೆ ಹೊದಿಕೆಯೆಲ್ಲ ಶತ್ರುವಲ್ಲ. ಹೊದಿಕೆಯಿಂದಾಗುವ ಹಾನಿಗಿಂತ ಅದು ಕಾಪಾಡುವ ಆಹಾರದ ಮೌಲ್ಯ ಎಷ್ಟೋ ಸಲ ದೊಡ್ಡದಿರುತ್ತದೆ. ದೂರದಿಂದ ಸಾಗಿಸುವ ಸೌತೆಕಾಯಿಯ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆಯನ್ನು ಅಧ್ಯಯನ ಮಾಡಿದ ಸ್ವಿಟ್ಜರ್‌ಲ್ಯಾಂಡಿನ ಎಂಪಾ ಸಂಸ್ಥೆ, ಆ ಹಾಳೆಯಿಂದ ಹವಾಮಾನಕ್ಕಾಗುವ ಹೊರೆಗಿಂತ ಅದು ತಪ್ಪಿಸುವ ಆಹಾರ ನಷ್ಟದ ಲಾಭವೇ ಹೆಚ್ಚೆಂದು 2021ರ ಸುಮಾರಿಗೆ ತೋರಿಸಿತು. ಇತ್ತ ಬ್ರಿಟನ್ನಿನ ರ‍್ಯಾಪ್ ಸಂಸ್ಥೆ 2022ರಲ್ಲಿ ಸೇಬು, ಬಾಳೆ, ಆಲೂಗಡ್ಡೆ, ಬ್ರೊಕೊಲಿ, ಸೌತೆಗಳನ್ನು ಮನೆಯ ಸ್ಥಿತಿಯಲ್ಲಿ ಪರೀಕ್ಷಿಸಿ, ಪ್ಲಾಸ್ಟಿಕ್ ಹೊದಿಕೆಯಿಂದ ಅವುಗಳ ಬಾಳಿಕೆ ಹೆಚ್ಚುವುದು ಅತ್ಯಲ್ಪ, ಬದಲಿಗೆ ಬೇಕಾದಷ್ಟೇ ಬಿಡಿಯಾಗಿ ಕೊಳ್ಳುವುದರಿಂದ ಮತ್ತು ತಂಪಾದ ಫ್ರಿಜ್ಜಿನಲ್ಲಿ ಇಡುವುದರಿಂದ ಹೆಚ್ಚು ಆಹಾರ ಉಳಿಯುತ್ತದೆ ಎಂಬ ನಿರ್ಣಯಕ್ಕೆ ಬಂದಿತು. ಮೇಲ್ನೋಟಕ್ಕೆ ಇವೆರಡೂ ಒಂದಕ್ಕೊಂದು ವಿರುದ್ಧ; ವಾಸ್ತವದಲ್ಲಿ ಒಂದು ಸಾವಿರಾರು ಕಿಲೋಮೀಟರಿನ ಸಾಗಣೆಯ ಮಾತು, ಇನ್ನೊಂದು ಅಂಗಡಿಯಿಂದ ಮನೆಯೊಳಗಿನ ಕೆಲವು ದಿನಗಳ ಮಾತು. ಹತ್ತಿರದಲ್ಲಿ ಬೆಳೆದು ಬೇಗ ತಲುಪುವ ಪದಾರ್ಥಕ್ಕೆ ಹೊದಿಕೆ ಬೇಡ; ಬಹುದೂರ ಬರುವ ನಾಜೂಕಿನ ಪದಾರ್ಥಕ್ಕೆ ಬೇಕಾಗಬಹುದು.

ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ ಕಾಣುವ 1ರಿಂದ 7ರವರೆಗಿನ ಅಂಕಿಗಳು ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘ 1988ರಲ್ಲಿ ಜಾರಿಗೆ ತಂದ ಗುರುತುಗಳು. ಅವು ಹೇಳುವುದು ಇದು ಯಾವ ಜಾತಿಯ ಪ್ಲಾಸ್ಟಿಕ್ ಎಂಬುದನ್ನು ಮಾತ್ರ. ಅದು ಮರುಸಂಸ್ಕರಣೆಯಾಗುತ್ತದೆಂಬ ಭರವಸೆಯನ್ನಲ್ಲ. ಬಾಣಗಳ ತ್ರಿಕೋನ ನೋಡಿ ಜನ ತಪ್ಪು ತಿಳಿಯುತ್ತಾರೆಂದೇ 2013ರಲ್ಲಿ ಮಾನದಂಡದಲ್ಲಿ ಬಾಣಗಳ ಬದಲು ಸರಳ ತ್ರಿಕೋನವನ್ನು ತರಲಾಯಿತು. ಸಾಮಾನ್ಯವಾಗಿ 1 ಮತ್ತು 2ನೇ ಜಾತಿಯ ಬಾಟಲಿಗಳಿಗೆ ಮರುಸಂಸ್ಕರಣೆಯ ಮಾರುಕಟ್ಟೆ ಚೆನ್ನಾಗಿರುತ್ತದೆ, 7ಕ್ಕೆ ಬಹಳ ಕಡಿಮೆ. ‘ಜೈವಿಕವಾಗಿ ಕರಗುವ’ ಎಂಬ ಬರಹಕ್ಕೂ ಇದೇ ಎಚ್ಚರ ಬೇಕು. ಪಿಎಲ್ಎ ಎಂಬ ಸಸ್ಯಮೂಲದ ಪ್ಲಾಸ್ಟಿಕ್ ಕರಗುವುದು ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಕಾಯ್ದುಕೊಳ್ಳುವ ಕೈಗಾರಿಕಾ ಗೊಬ್ಬರ ಘಟಕಗಳಲ್ಲಿ. ಹಿತ್ತಿಲಿನ ಗುಂಡಿಯಲ್ಲಿ ಅದು ವರ್ಷಗಟ್ಟಲೆ ಹಾಗೆಯೇ ಬಿದ್ದಿರಬಲ್ಲದು.

ಬಟ್ಟೆ ಚೀಲದ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಒಳ್ಳೆಯ ಉದ್ದೇಶವೇ ಕಸವಾಗುವ ಉದಾಹರಣೆ ಅದು. ಇಂಗ್ಲೆಂಡಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹವಾಮಾನದ ಹೊರೆಯ ದೃಷ್ಟಿಯಿಂದ ಹತ್ತಿಯ ಚೀಲವೊಂದು ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಮೇಲೆನಿಸಬೇಕಾದರೆ ಅದನ್ನು ಕನಿಷ್ಠ 131 ಸಲ ಬಳಸಬೇಕು. ಹತ್ತಿ ಬೆಳೆಯಲು, ನೂಲಲು, ನೇಯಲು ಅಷ್ಟು ನೀರು ಮತ್ತು ಶಕ್ತಿ ಬೇಕಾಗುತ್ತದೆ. ಪ್ಲಾಸ್ಟಿಕ್ ಚೀಲ ಚರಂಡಿ, ಕಡಲುಗಳನ್ನು ಸೇರಿ ಮಾಡುವ ಹಾನಿ ಈ ಲೆಕ್ಕದಲ್ಲಿಲ್ಲ, ಹಾಗಾಗಿ ಇದರಿಂದ ಪ್ಲಾಸ್ಟಿಕ್ಕೇ ಒಳ್ಳೆಯದೆಂದು ಅರ್ಥವಲ್ಲ. ಒಂದು ಬಟ್ಟೆ ಚೀಲವನ್ನು ವಾರಕ್ಕೆರಡು ಬಾರಿಯಂತೆ ಎರಡು-ಮೂರು ವರ್ಷ ಬಳಸಿದರೆ ಆ ಸಂಖ್ಯೆ ಸುಲಭವಾಗಿ ದಾಟುತ್ತದೆ. ಹೋದಲ್ಲೆಲ್ಲ ಹೊಸದೊಂದು ತಂದು ಮನೆಯಲ್ಲಿ ಇಪ್ಪತ್ತು ಚೀಲ ಕೂಡಿಟ್ಟರೆ ಯಾವುದೂ ದಾಟುವುದಿಲ್ಲ. ಹಳೆಯ ಸೀರೆಯಲ್ಲೋ ಪ್ಯಾಂಟಿನಲ್ಲೋ ಹೊಲಿದ ಚೀಲಕ್ಕಾದರೆ ಈ ಲೆಕ್ಕದ ಹಂಗೇ ಇಲ್ಲ. ಗಾಜಿನ ಡಬ್ಬಿ, ಲೋಹದ ಬಾಟಲಿಗಳದ್ದೂ ಇದೇ ನ್ಯಾಯ: ಕಸ ಕಡಿಮೆ ಮಾಡುವುದಕ್ಕೆಂದೇ ಹೊಸ ಸಾಮಗ್ರಿಗಳನ್ನು ಕೊಳ್ಳುವವರು, ಮನೆಯಲ್ಲಿರುವ ಹಳೆಯ ಡಬ್ಬಿಗಳನ್ನು ಮೊದಲು ಹೊರತೆಗೆದು ನೋಡಲಿ.

ಬಾಳಿಕೆಯ ವಸ್ತುಗಳು

ಆಹಾರದ ಕಸ ದಿನದಿನವೂ ಕಾಣುತ್ತದೆ. ಬಟ್ಟೆ, ಉಪಕರಣಗಳ ಕಸ ಕಪಾಟಿನಲ್ಲಿ ವರ್ಷಗಟ್ಟಲೆ ಅಡಗಿರುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಹುಟ್ಟುವ ಜವಳಿ ಕಸ ಸುಮಾರು 9.2 ಕೋಟಿ ಟನ್ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಹೇಳುತ್ತದೆ. ಬಟ್ಟೆ ಕೊಳ್ಳುವಾಗ ಒಳಹೊಲಿಗೆ ಒತ್ತಾಗಿದೆಯೇ, ಹಿಡಿಸಲು-ಬಿಡಿಸಲು ಅಂಚಿನಲ್ಲಿ ಬಟ್ಟೆ ಬಿಟ್ಟಿದ್ದಾರೆಯೇ, ಮನೆಯಲ್ಲಿ ಈಗಾಗಲೇ ಇರುವ ಉಡುಪುಗಳೊಂದಿಗೆ ಹೊಂದುತ್ತದೆಯೇ ಎಂದು ನೋಡುವುದು ಹಿಂದಿನವರಿಗೆ ಸಹಜವಾಗಿತ್ತು. ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತ ನೂಲನ್ನು ಮತ್ತೆ ಬೇರ್ಪಡಿಸುವುದು ಕಠಿಣವಾದ್ದರಿಂದ, ಒಂದೇ ಬಗೆಯ ನಾರಿನ ಬಟ್ಟೆಗೆ ಕೊನೆಗಾಲದಲ್ಲಿ ಹೆಚ್ಚು ದಾರಿಗಳಿರುತ್ತವೆ ಎಂಬುದನ್ನು ಅದಕ್ಕೆ ಸೇರಿಸಬಹುದು. ಕೊಂಡ ಬೆಲೆಯನ್ನು ಎಷ್ಟು ಸಲ ಉಡುತ್ತೇವೆ ಎಂಬುದರಿಂದ ಭಾಗಿಸಿ ನೋಡಿದರೆ, ಅಗ್ಗವೆಂದು ತಂದು ನಾಲ್ಕೇ ಸಲ ಉಟ್ಟ ಬಟ್ಟೆ ಬಹಳ ದುಬಾರಿ ಎಂದು ತಿಳಿಯುತ್ತದೆ.

ವಿದ್ಯುನ್ಮಾನ ಕಸ 2022ರಲ್ಲಿ 6.2 ಕೋಟಿ ಟನ್ ಮುಟ್ಟಿತ್ತು, ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಸಂಸ್ಕರಿಸಿದ್ದಕ್ಕೆ ದಾಖಲೆ ಇರುವುದು ಶೇ. 22.3ಕ್ಕೆ ಮಾತ್ರ. ಉಪಕರಣವೊಂದನ್ನು ಕೊಳ್ಳುವ ಮೊದಲು ಅದರ ಸಾಮರ್ಥ್ಯದ ಬಗ್ಗೆ ಹತ್ತು ಪ್ರಶ್ನೆ ಕೇಳುವ ನಾವು ಅದರ ಮುಪ್ಪಿನ ಬಗ್ಗೆ ಒಂದನ್ನೂ ಕೇಳುವುದಿಲ್ಲ. ಬ್ಯಾಟರಿಯನ್ನು ಬದಲಿಸಬಹುದೇ, ಹೊರಕವಚ ಸ್ಕ್ರೂಗಳಿಂದ ಬಿಗಿದದ್ದೋ ಅಂಟಿನಿಂದ ಮೆತ್ತಿದ್ದೋ, ಬಿಡಿಭಾಗಗಳು ಎಷ್ಟು ವರ್ಷ ಸಿಗುತ್ತವೆ, ತಂತ್ರಾಂಶದ ಅಪ್‌ಡೇಟ್ ಎಲ್ಲಿಯವರೆಗೆ ಬರುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗದ ಕಡೆ ಕೊಳ್ಳದಿರುವುದೇ ಉತ್ತಮ ಎನ್ನುತ್ತೇನೆ. ಫ್ರಾನ್ಸ್ 2021ರ ಜನವರಿಯಿಂದ ಕೆಲವು ಉಪಕರಣಗಳ ಮೇಲೆ ದುರಸ್ತಿಯ ಸುಲಭತೆಗೆ ಹತ್ತಕ್ಕೆ ಇಷ್ಟು ಎಂಬ ಅಂಕವನ್ನು ಮುದ್ರಿಸುವುದನ್ನು ಕಡ್ಡಾಯ ಮಾಡಿತು. ಯುರೋಪಿಯನ್ ಒಕ್ಕೂಟದ 2023ರ ಬ್ಯಾಟರಿ ನಿಯಮ, ಕೈಯಲ್ಲಿ ಒಯ್ಯುವ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ತೆಗೆದು ಹಾಕುವಂತಿರಬೇಕೆಂದು 2027ರ ಫೆಬ್ರವರಿಯ ಗಡುವು ವಿಧಿಸಿದೆ. ವರ್ಷಕ್ಕೊಮ್ಮೆ ಬೇಕಾಗುವ ಏಣಿ, ಡ್ರಿಲ್ ಯಂತ್ರ, ಪ್ರವಾಸದ ದೊಡ್ಡ ಪೆಟ್ಟಿಗೆಯಂಥವನ್ನು ನೆರೆಯವರಿಂದ ಕೇಳಿ ತರುವುದರಲ್ಲಿ ಅವಮಾನವೇನೂ ಇಲ್ಲ.

ಇಷ್ಟು ಹೇಳಿದ ಮೇಲೆ, ಹೊಣೆಯನ್ನೆಲ್ಲ ಕೊಳ್ಳುವವರ ಹೆಗಲಿಗೆ ಹೊರಿಸುವುದು ಅನ್ಯಾಯ ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. ದಿನಗೂಲಿಯಲ್ಲಿ ಬದುಕುವವರು ಸ್ಯಾಶೆಯನ್ನು ಕೊಳ್ಳುವುದು ಅಜ್ಞಾನದಿಂದಲ್ಲ, ಅಂದಿನ ಹಣಕ್ಕೆ ಅಂದಿನಷ್ಟೇ ಸಿಗಬೇಕಾದ ಅನಿವಾರ್ಯದಿಂದ. ಹೊದಿಕೆಯನ್ನು ರೂಪಿಸುವವರು ಅದರ ಅಂತ್ಯದ ಖರ್ಚನ್ನೂ ಹೊರಬೇಕು ಎಂಬ ವಿಚಾರವನ್ನು ಸ್ವೀಡನ್ನಿನ ಥಾಮಸ್ ಲಿಂಡ್‌ಕ್ವಿಸ್ಟ್ 1990ರಲ್ಲಿ ತಮ್ಮ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ‘ಉತ್ಪಾದಕರ ವಿಸ್ತೃತ ಹೊಣೆಗಾರಿಕೆ’ ಎಂಬ ಹೆಸರಿನಲ್ಲಿ ಮಂಡಿಸಿದರು. ಅನೇಕ ದೇಶಗಳು ಅದನ್ನು ಕಾನೂನಾಗಿಸಿವೆ. ಆ ಕಾನೂನುಗಳು ಬಲಗೊಳ್ಳದೆ ಮನೆಗಳ ಶ್ರಮವೊಂದರಿಂದಲೇ ಕಸದ ಗುಡ್ಡಗಳು ಕರಗಲಾರವು. ಆದರೆ ಬೇಕಾದಷ್ಟೇ ಕೊಳ್ಳುವ ವಿಷಯದಲ್ಲಿ, ವಿಶೇಷವಾಗಿ ಆಹಾರದ ವಿಷಯದಲ್ಲಿ, ಯಾವ ಕಾನೂನಿಗೂ ಕಾಯದೆ ಮನೆಯೇ ಬದಲಿಸಿಕೊಳ್ಳಬಹುದಾದದ್ದು ಬಹಳಷ್ಟಿದೆ.

ಎಲ್ಲಿಂದ ಆರಂಭಿಸಬೇಕು ಎಂದು ಕೇಳುವವರಿಗೆ ನಾನು ಹೇಳುವುದು, ಏನನ್ನೂ ಬದಲಿಸದೆ ಒಂದು ವಾರ ಬರೆದಿಡಿ ಎಂದು. ಬುಟ್ಟಿಯ ಪಕ್ಕದಲ್ಲಿ ಒಂದು ಹಾಳೆಯನ್ನು ಅಂಟಿಸಿ, ಎಸೆಯುವ ಪ್ರತಿ ವಸ್ತುವಿನ ಹೆಸರಿನ ಮುಂದೆ ಅದು ಎಷ್ಟಿತ್ತು, ಅದನ್ನು ಕೊಂಡಾಗ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಮನೆಯವರೆಲ್ಲರೂ ಬರೆಯಬೇಕು: ರಿಯಾಯಿತಿ ಇತ್ತು, ಮನೆಯಲ್ಲಿ ಇದೆಯೆಂದು ಮರೆತಿದ್ದೆ, ಚಿಕ್ಕದು ಸಿಗಲಿಲ್ಲ, ಹೊಸ ಅಡುಗೆ ಮಾಡೋಣವೆಂದುಕೊಂಡೆ, ಹೀಗೆ. ನಮ್ಮ ಮನೆಯಲ್ಲಿ ಮೊದಲ ಸಲ ಹೀಗೆ ಬರೆದಾಗ ಹಾಳೆಯ ಅರ್ಧವನ್ನು ತುಂಬಿದ್ದು ಎರಡೇ ವಸ್ತುಗಳು, ಸೊಪ್ಪು ಮತ್ತು ಬ್ರೆಡ್. ಅಲ್ಲಿಯವರೆಗೆ ನಾನು ದೂರುತ್ತಿದ್ದುದು ಪ್ಲಾಸ್ಟಿಕ್ ಕವರುಗಳನ್ನು. ಸೊಪ್ಪನ್ನು ಎರಡು ಕಟ್ಟಿನ ಬದಲು ಒಂದು ಕಟ್ಟಿಗೆ ಇಳಿಸಿದೆವು, ಬ್ರೆಡ್ಡಿನ ಅರ್ಧವನ್ನು ತಂದ ದಿನವೇ ಫ್ರೀಜರಿಗೆ ಸೇರಿಸತೊಡಗಿದೆವು. ಮನೆಮನೆಗೂ ಆ ಎರಡು ವಸ್ತುಗಳು ಬೇರೆಯೇ ಆಗಿರುತ್ತವೆ. ಆ ಹಾಳೆಯನ್ನು ಮಡಿಸಿ ಮುಂದಿನ ಖರೀದಿಯ ಪಟ್ಟಿಯ ಜೊತೆಗೇ ಕಿಸೆಯಲ್ಲಿಟ್ಟುಕೊಂಡು ಹೋಗಿ, ಕಪಾಟಿನ ಮುಂದೆ ಎರಡನ್ನೂ ಒಟ್ಟಿಗೆ ಬಿಚ್ಚಿ ನೋಡಿದರೆ, ಯಾವುದನ್ನು ಎಷ್ಟು ಕಡಿಮೆ ತೆಗೆದುಕೊಳ್ಳಬೇಕೆಂಬುದು ಅಲ್ಲೇ ಬರೆದಿರುತ್ತದೆ.